ಹಕ್ಕಿಗಿಟ್ಟ ಕಾಳಿಗೆ ಇಲಿ ಬರದಂತೆ ಮಾಡುವುದು ಹೇಗೆ?

ಪ್ರಶ್ನೆ: ಹಿತ್ತಲ ಕಾಂಪೌಂಡ್ ಗೋಡೆ ಮೇಲೆ ತಟ್ಟೆ ಇಟ್ಟು ಎರಡು ವರ್ಷದಿಂದ ಹಕ್ಕಿಗಳಿಗೆ ನವಣೆ, ಅಕ್ಕಿನುಚ್ಚು ಹಾಕುತ್ತಿದ್ದೇನೆ. ಗುಬ್ಬಿ, ರಾಟವಾಳ, ಗೊರವಂಕ, ಪಾರಿವಾಳ ಬರುತ್ತವೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಗಡಿಬಿಡಿ ಇರುವುದರಿಂದ ರಾತ್ರಿ ಮಲಗುವ ಮುಂಚೆಯೇ ತಟ್ಟೆ ತುಂಬಿಸಿಡುತ್ತೇನೆ. ಒಂದು ತಿಂಗಳಿಂದ ಗೋಡೆ ಮೇಲೆಲ್ಲ ಇಲಿ ಹಿಕ್ಕೆ, ಬಚ್ಚಲ ಹಿಂದೆ ಬಿಲ. ಹಕ್ಕಿಗೆ ಹಾಕುವುದನ್ನೇ ನಿಲ್ಲಿಸು, ಇಲ್ಲವಾದರೆ ಪಾಷಾಣ ಇಡು ಅನ್ನುತ್ತಾರೆ ಅತ್ತೆ. ಬೇರೆ ದಾರಿ ಇದೆಯೇ ಸರ್?
– ಓದುಗರೊಬ್ಬರು, ತುಮಕೂರು

ಉತ್ತರ: ರಾತ್ರಿ ತುಂಬಿಸಿಟ್ಟ ತಟ್ಟೆಗೆ ಮೊದಲ ಪಂಕ್ತಿಯಲ್ಲಿ ಕೂರುವುದು ಇಲಿಗಳೇ ಅಮ್ಮ. ನಿಮ್ಮ ಗುಬ್ಬಿಗಳಿಗೆ ಸಿಗುತ್ತಿರುವುದು ಎರಡನೇ ಪಂಕ್ತಿ. ಕಾಳು ತಿನ್ನುವ ಹಕ್ಕಿಗಳು ಕತ್ತಲಾದ ಮೇಲೆ ಬರುವುದಿಲ್ಲ, ಇಲಿಗಳು ಹೊರಡುವುದೇ ಆಗ. ಸೂರ್ಯ ಮುಳುಗುವ ಹೊತ್ತಿಗೆ ತಟ್ಟೆ ಖಾಲಿ ಇದ್ದರೆ ಅರ್ಧ ತೊಂದರೆ ಅಲ್ಲಿಗೇ ಹೋಯಿತು.

ಅತ್ತೆಯವರ ಮಾತಿನಲ್ಲೂ ಅರ್ಧ ಸತ್ಯವಿದೆ. ಹದಿನೈದು ದಿನ ಕಾಳು ಹಾಕುವುದನ್ನು ಪೂರ್ತಿ ನಿಲ್ಲಿಸಿ. ಪಾಪ, ಹಕ್ಕಿಗಳು ಏನು ಮಾಡುತ್ತವೋ ಎಂಬ ಚಿಂತೆ ಬೇಡ. ಅವು ನಿಮ್ಮೊಬ್ಬರ ತಟ್ಟೆಯನ್ನೇ ನಂಬಿ ಬದುಕುತ್ತಿಲ್ಲ. ಗುಬ್ಬಿ ಕೂಡ ಮರಿಗಳಿಗೆ ಮುಖ್ಯವಾಗಿ ತಿನ್ನಿಸುವುದು ಹುಳಹುಪ್ಪಟೆಯನ್ನು, ನವಣೆಯನ್ನಲ್ಲ.

ಈ ಬಿಡುವಿನಲ್ಲಿ ಬಂದಿರುವುದು ಯಾರು ಅಂತ ನೋಡಿ. ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಇದ್ದರೆ ಬಹುಪಾಲು ಹೆಗ್ಗಣ. ಗೋಡೆ, ಪೈಪು, ಕೇಬಲ್ ಹಿಡಿದು ಓಡಾಡುವುದು ಮೈಗಿಂತ ಬಾಲ ಉದ್ದವಿರುವ ಇಲಿ. ಹತ್ತುವುದರಲ್ಲಿ ಅದು ನಿಸ್ಸೀಮ. ನಿಮ್ಮಲ್ಲಿ ಎರಡೂ ಇರಬಹುದು. ಸಂಜೆ ಬಿಲಗಳ ಬಾಯಿಗೆ ಹಸಿ ಮಣ್ಣು ಮೆತ್ತಿ, ಬೆಳಿಗ್ಗೆ ನೋಡಿ. ಯಾವುದು ತೆರೆದುಕೊಂಡಿದೆಯೋ ಅದರಲ್ಲಿ ಸಂಸಾರ ನಡೆಯುತ್ತಿದೆ ಎಂದರ್ಥ. ಬರಿಗೈಯಲ್ಲಿ ಮಾತ್ರ ಮಾಡಬೇಡಿ, ಗ್ಲೌಸ್ ಇರಲಿ. ಇಲಿ ಜ್ವರ ಹರಡುವುದು ಇಲಿಯ ಉಚ್ಚೆ ಬಿದ್ದ ನೀರು, ಒದ್ದೆ ಮಣ್ಣಿನಿಂದಲೇ.

ಹಾಗೆಯೇ ಹಿತ್ತಲನ್ನು ಒಂದು ಸುತ್ತು ಹಾಕಿ. ಮುಚ್ಚಳವಿಲ್ಲದ ಕಾಂಪೋಸ್ಟ್ ಡಬ್ಬಿ, ರಾತ್ರಿ ಅಲ್ಲೇ ಬಿಟ್ಟ ನಾಯಿಯ ಅನ್ನದ ತಟ್ಟೆ, ಪಾತ್ರೆ ತೊಳೆಯುವ ಕಲ್ಲಿನ ಮೋರಿಯಲ್ಲಿ ಸಿಕ್ಕಿಕೊಂಡ ಅಗುಳು. ಬೈಗುಳವೆಲ್ಲ ಹಕ್ಕಿ ತಟ್ಟೆಗೆ, ಊಟವೆಲ್ಲ ಮೋರಿಯಲ್ಲಿ! ಇಂಥ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಮತ್ತೆ ಶುರು ಮಾಡುವಾಗ ತಟ್ಟೆಯ ಜಾಗ ಬದಲಿಸಿ. ಕಾಂಪೌಂಡ್ ಗೋಡೆ ಎಂದರೆ ಇಲಿಗಳ ಹೆದ್ದಾರಿ. ನಮ್ಮ ತೆಂಗು ಬೆಳೆಗಾರರು ಏನು ಮಾಡುತ್ತಾರೆ ನೆನಪಿಸಿಕೊಳ್ಳಿ. ಎಳನೀರು ಕೊರೆಯುವ ಇಲಿ ಮೇಲೆ ಹತ್ತದಂತೆ, ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ ಕಾಂಡಕ್ಕೆ 40 ಸೆಂ.ಮೀ. ಅಗಲದ ತಗಡಿನ ಪಟ್ಟಿ ಸುತ್ತುತ್ತಾರೆ. ನುಣುಪಾದ ತಗಡಿನ ಮೇಲೆ ಉಗುರು ನಿಲ್ಲುವುದಿಲ್ಲ. ಆದರೆ ಪಕ್ಕದ ಮರದ ಗರಿ ಈ ಮರಕ್ಕೆ ತಾಗುತ್ತಿದ್ದರೆ ತಗಡು ಸುತ್ತಿಯೂ ವ್ಯರ್ಥ. ಇಲಿ ಗರಿಯಿಂದ ಗರಿಗೆ ದಾಟಿಕೊಂಡು ಬರುತ್ತದೆ. ಹಕ್ಕಿ ತಟ್ಟೆಗೂ ಇದೇ ಲೆಕ್ಕ.

ಒಂದೂವರೆ ಇಂಚಿನ ಜಿಐ ಪೈಪನ್ನು ಗೋಡೆ, ಗಿಡ, ಬಟ್ಟೆ ಒಣಹಾಕುವ ತಂತಿ ಎಲ್ಲದರಿಂದ ಏಳೆಂಟು ಅಡಿ ದೂರದಲ್ಲಿ ನೆಡಿ. ತೆಳ್ಳಗಿನ ಪೈಪನ್ನು ಇಲಿ ತಬ್ಬಿಕೊಂಡು ಹತ್ತಬಲ್ಲದು, ಆದ್ದರಿಂದ ಅಡ್ಡ ತಡೆ ಬೇಕೇ ಬೇಕು. ಅಟ್ಟದ ಮೇಲೆ ಹಳೇ ಅಲ್ಯೂಮಿನಿಯಂ ಬೋಗುಣಿ ಇದ್ದೇ ಇರುತ್ತದೆ. ಬಾಯಿ ಒಂದೂವರೆ ಅಡಿಯಾದರೂ ಅಗಲವಿರಲಿ. ತಳದ ನಡುವೆ ತೂತು ಕೊರೆಸಿ, ಪೈಪಿಗೆ ಕವುಚಿ ಹಾಕಿ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ಕ್ಲಾಂಪ್ ಬಿಗಿಸಿ. ತೂತಿನ ಸುತ್ತ ಸಂದು ಉಳಿಯಬಾರದು, ಪುಟ್ಟ ಇಲಿಗೆ ಪೆನ್ಸಿಲ್ ದಪ್ಪದ ಸಂದು ಸಾಕು. ಅದರ ಮೇಲೆ ತಟ್ಟೆ. ನಾನು ಮೊದಲ ಸಲ ಬಿದಿರಿನ ಗಳ ನೆಟ್ಟಿದ್ದೆ. ಒಂದೊಂದು ಗಿಣ್ಣಿನ ಮೇಲೂ ಕಾಲಿಟ್ಟುಕೊಂಡು, ಏಣಿ ಹತ್ತಿದ ಹಾಗೆ ಹತ್ತಿ ಹೋದವು.

ಇನ್ನು ಚೆಲ್ಲುವ ಕಾಳು. ನಾಲ್ಕೈದು ಕಾಳು ಬೆರೆಸಿ ಹಾಕಿದರೆ ಹಕ್ಕಿ ತನಗೆ ಬೇಕಾದ್ದನ್ನು ಹೆಕ್ಕಿ ಉಳಿದಿದ್ದನ್ನು ಕೊಕ್ಕಿನಿಂದ ಕೆಳಗೆ ಚಿಮ್ಮುತ್ತದೆ. ಒಂದು ಹೊತ್ತಿಗೆ ಒಂದೇ ಕಾಳು ಸಾಕು. ಕೆಳಗೆ ಹುಲ್ಲಿನ ಬದಲು ಕಡಪ ಕಲ್ಲು ಹಾಸಿದರೆ ಸಂಜೆ ಒಂದು ಸಲ ಪೊರಕೆ ಆಡಿಸಿದರೆ ಮುಗಿಯಿತು. ಅಳತೆ ಎಷ್ಟೆಂದರೆ, ಏಳು ಗಂಟೆಗೆ ಒಂದು ಹಿಡಿ ಹಾಕಿ, ಹತ್ತಕ್ಕೆ ಉಳಿದಿದೆಯೇ ನೋಡಿ. ಉಳಿದರೆ ಮರುದಿನ ಅರ್ಧ ಹಿಡಿ. ದೊಡ್ಡ ಇಲಿಯೊಂದರ ದಿನದ ಊಟವೇ 20–25 ಗ್ರಾಂ, ನಿಮಗೆ 'ಸ್ವಲ್ಪ' ಅನಿಸಿದ್ದು ಅದಕ್ಕೆ ಹೊಟ್ಟೆ ತುಂಬ. ನೀವು ಆ ಹೊತ್ತಿಗೆ ಕೆಲಸಕ್ಕೆ ಹೋಗಿರುತ್ತೀರಿ, ತಟ್ಟೆ ನೋಡುವ ಕೆಲಸವನ್ನು ಅತ್ತೆಗೇ ಒಪ್ಪಿಸಿ. ಅನ್ನ, ಚಪಾತಿ, ಖಾರ ಮಿಕ್ಸ್ಚರ್ ಮಾತ್ರ ಬೇಡ.

ಪಾಷಾಣ ಇಡಬೇಡಿ. ಅಂಗಡಿಯ ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ಇಲಿ ಅಲ್ಲೇ ಸಾಯುವುದಿಲ್ಲ, ಕೆಲವು ದಿನ ತೂರಾಡುತ್ತಾ ತಿರುಗುತ್ತದೆ. ಅಂಥದ್ದನ್ನು ಹಿಡಿದು ತಿನ್ನುವ ಗೂಬೆಗೂ ಬೆಕ್ಕಿಗೂ ಆ ವಿಷ ಹೋಗುತ್ತದೆ. ಹಿತ್ತಲಲ್ಲಿ ಪುಕ್ಕಟೆಯಾಗಿ ಇಲಿ ಹಿಡಿಯುವುದೇ ಗೂಬೆ. ಅಂಟಿನ ಹಲಗೆಯಂತೂ ಮುಟ್ಟಲೇಬೇಡಿ, ಅದಕ್ಕೆ ಇಲಿಗಿಂತ ಮೊದಲು ಮಡಿವಾಳ ಹಕ್ಕಿಯೋ ಅಳಿಲೋ ಸಿಕ್ಕಿಕೊಂಡೀತು. ಹಳೇ ಇಲಿ ಬೋನೇ ಸಾಕು. ಹೊಸ ವಸ್ತು ಕಂಡರೆ ಇಲಿಗೆ ಅನುಮಾನ ಜಾಸ್ತಿ. ಮೂರು ನಾಲ್ಕು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ, ಸುಟ್ಟ ಕೊಬ್ಬರಿ ಚೂರು ಇಟ್ಟು ಸುಮ್ಮನಿರಿ. ಅದು ನಿರ್ಭಯವಾಗಿ ತಿಂದು ಹೋಗತೊಡಗಿದ ಮೇಲೆ ಕಟ್ಟು ಬಿಚ್ಚಿ.

ಜಾಗವಿದ್ದರೆ ಒಂದು ಕರಿಬೇವಿನ ಗಿಡವನ್ನು ಕೊಯ್ದು ಗಿಡ್ಡ ಮಾಡದೆ ಬೆಳೆಯಲು ಬಿಡಿ. ಅದರ ಕಪ್ಪು ಹಣ್ಣಿಗೆ ಕೋಗಿಲೆ, ಪಿಕಳಾರ ಬರುತ್ತವೆ. ದಾಸವಾಳಕ್ಕೆ ಸೂರಕ್ಕಿ. ಬೇಸಿಗೆಯಲ್ಲಿ ಕಾಳಿಗಿಂತ ನೀರೇ ಮುಖ್ಯ. ಎರಡು ಇಂಚು ಆಳದ ಮಣ್ಣಿನ ಬೋಗುಣಿಯಲ್ಲಿ ದಿನವೂ ಹೊಸ ನೀರಿಡಿ, ಸೊಳ್ಳೆಗೂ ಎಡೆ ಇರದು. ರಾತ್ರಿ ಅದನ್ನೂ ಕವುಚಿಡಿ, ಇಲಿಗೂ ಬಾಯಾರಿಕೆ ಆಗುತ್ತದೆ.

ಹೊಸ ತಟ್ಟೆಗೆ ಮೊದಲ ಎರಡು ಮೂರು ದಿನ ಯಾರೂ ಬರದಿದ್ದರೆ ಗಾಬರಿ ಬೇಡ. ಹಳೇ ಗೋಡೆ ಮೇಲೆ ಕೂತು ಕತ್ತು ಓರೆ ಮಾಡಿ ನೋಡುತ್ತಿರುತ್ತವೆ. ಮೊದಲು ಇಳಿಯುವುದು ಬಹುಶಃ ಗೊರವಂಕವೇ.