ರೋಲರ್ ಎಲ್ಲಿ ಉರುಳಬೇಕು, ಎಲ್ಲಿ ಬೇಡ?

ಪ್ರಶ್ನೆ: ವಯಸ್ಸು 34. ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಐದು ಕಿ.ಮೀ. ದಾಟುತ್ತಿದ್ದಂತೆ ಬಲ ಮಂಡಿಯ ಹೊರಬದಿ ಚುಚ್ಚುತ್ತದೆ. ‘ಐಟಿ ಬ್ಯಾಂಡ್ ಬಿಗಿಯಾಗಿದೆ, ಫೋಮ್ ರೋಲರ್ ಹಾಕು’ ಎಂದರು ಜೊತೆಗಾರರು. ದಿನಾ ಹತ್ತು ನಿಮಿಷ ಆ ಗಟ್ಟಿ ಫೋಮಿನ ಉರುಳೆಯನ್ನು ತೊಡೆಯ ಹೊರಬದಿಗೆ ಉರುಳಿಸುತ್ತಿದ್ದೇನೆ. ಕಣ್ಣೀರು ಬರುವಷ್ಟು ನೋವು, ಚರ್ಮವೂ ನೀಲಿಗಟ್ಟಿದೆ. ಮುಂದುವರಿಸಲೇ?
– ಓದುಗ, ಹುಬ್ಬಳ್ಳಿ

ಉತ್ತರ: ಬೇಡ, ಇವತ್ತೇ ನಿಲ್ಲಿಸಿ. ಐಟಿ ಬ್ಯಾಂಡ್ ಸೊಂಟದಿಂದ ಮಂಡಿಯ ಕೆಳಗಿನವರೆಗೆ ಇಳಿಯುವ ದಪ್ಪ ಪಟ್ಟಿ. ಅದು ಸ್ನಾಯುವಲ್ಲ, ರೋಲರ್ ಒತ್ತಡಕ್ಕೆ ಉದ್ದವಾಗುವಂಥದ್ದೂ ಅಲ್ಲ. ಮಂಡಿಯ ಹೊರಬದಿಯ ಮೂಳೆಗೆ ಅದು ಒತ್ತಿಕೊಳ್ಳುವುದರಿಂದಲೇ ನೋವು. ಅಲ್ಲೇ ಮೇಲಿಂದ ನೀವೂ ಒತ್ತಿದರೆ ಇನ್ನೇನಾದೀತು?

ಆ ಪಟ್ಟಿಯನ್ನು ಮೇಲಿನಿಂದ ಎಳೆದು ಹಿಡಿಯುವ ಸ್ನಾಯುಗಳಿಗೆ ರೋಲರ್ ಕೊಡಿ. ಮೊದಲನೆಯದು ಪ್ಯಾಂಟಿನ ಮುಂಜೇಬು ಇರುವ ಜಾಗದಲ್ಲಿದೆ. ಅದರಡಿ ರೋಲರ್ ಇಟ್ಟು ಬೋರಲು ಮಲಗಿ, ಮುಂಗೈ ಊರಿ, ದೇಹವನ್ನು ಸ್ವಲ್ಪ ಬಲಕ್ಕೆ ವಾಲಿಸಿ. ಸೆಕೆಂಡಿಗೆ ಎರಡು ಮೂರು ಸೆಂ.ಮೀ.ನಷ್ಟು ನಿಧಾನವಾಗಿ ಉರುಳಿಸಿ. ನೋಯುವ ಬಿಂದು ಸಿಕ್ಕಲ್ಲಿ 20–30 ಸೆಕೆಂಡ್ ನಿಂತು ಉಸಿರು ಉದ್ದಕ್ಕೆ ಬಿಡಿ. ಅಲ್ಲಿದ್ದುಕೊಂಡೇ ಮಂಡಿಯನ್ನು ಐದಾರು ಸಲ ಮಡಚಿ ಬಿಡಿಸಿ. ಎರಡನೆಯದು ಪೃಷ್ಠ: ರೋಲರ್ ಮೇಲೆ ಕುಳಿತು, ಬಲ ಪಾದದ ಗಂಟನ್ನು ಎಡ ಮಂಡಿಯ ಮೇಲಿಟ್ಟು ಬಲಕ್ಕೆ ವಾಲಿ. ಕಾಲಿನತ್ತ ಜುಮ್ಮೆಂದರೆ ನರ ಒತ್ತಿದೆ ಎಂದರ್ಥ, ತಕ್ಷಣ ಜಾಗ ಬದಲಿಸಿ. ಒಂದೊಂದಕ್ಕೂ ಒಂದು ನಿಮಿಷ ಸಾಕು.

ನೋವಿಗೆ ಹತ್ತರಲ್ಲಿ ಐದು, ಆರು ಅಂಕ ಮೀರಬಾರದು. ಹಲ್ಲು ಕಚ್ಚಿ ಉಸಿರು ಹಿಡಿದಿರೋ, ಸ್ನಾಯು ಸಡಿಲವಾಗುವ ಬದಲು ಇನ್ನಷ್ಟು ಬಿಗಿಯುತ್ತದೆ. ಮಂಡಿಚಿಪ್ಪು, ಮಂಡಿಯ ಹಿಂಬದಿ, ಸೊಂಟದ ಎಲುಬಿನ ಉಬ್ಬು, ಕೆಳಬೆನ್ನು – ಇಲ್ಲೆಲ್ಲ ರೋಲರ್ ಹಾಯಬಾರದು.

ಇದರಿಂದ ಸಿಗುವ ಸಡಿಲಿಕೆ ನಿಮಿಷಗಳ ಲೆಕ್ಕದ್ದು. ಅದು ‘ಗಂಟು ಒಡೆಯುವುದು’ ಅಲ್ಲ, ನರವ್ಯೂಹ ಒತ್ತಡವನ್ನು ತಾಳಿಕೊಳ್ಳುವ ರೀತಿ ಬದಲಾಗುವುದೇ ಹೆಚ್ಚು. ಹಾಗಾಗಿ ಓಟಕ್ಕೆ ಮುಂಚೆ ಮಾಡಿ. ನಿಜವಾದ ಕೆಲಸ ಸೊಂಟದ ಸ್ನಾಯು ಗಟ್ಟಿಮಾಡುವುದು: ಎಡಕ್ಕೆ ಮಲಗಿ ಬಲಗಾಲನ್ನು ಕೊಂಚ ಹಿಂದಕ್ಕೆ ಸರಿಸಿ, ಬೆರಳು ಮುಂದಕ್ಕೇ ಇರಲಿ, 12 ಸಲ ಎತ್ತಿಳಿಸಿ. ಮೂರು ಸುತ್ತು, ದಿನ ಬಿಟ್ಟು ದಿನ. ಸದ್ಯ ಮೂರು ಕಿ.ಮೀ.ಗೇ ಓಟ ನಿಲ್ಲಿಸಿ, ಇಳಿಜಾರು ಬಿಡಿ. ಮಂಡಿ ಊದಿದರೆ, ಸಿಕ್ಕಿಹಾಕಿಕೊಂಡಂತಾದರೆ ಮೂಳೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಅಮ್ಮನಿಗೆ 58, ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ ಮೊದಲ ಹೆಜ್ಜೆಗೇ ಹಿಮ್ಮಡಿ ನೋವು. ಅಂಗಾಲಿನಡಿ ಟೆನಿಸ್ ಚೆಂಡು ಉರುಳಿಸಬಹುದೇ?
– ಓದುಗಿ, ಶಿವಮೊಗ್ಗ

ಉತ್ತರ: ಮೊದಲು ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಅಂಗಾಲು ಸವರಿ. ಗೊತ್ತಾಗದಿದ್ದರೆ, ಅಥವಾ ಗಾಯವಿದ್ದರೆ, ಚೆಂಡು ಬೇಡವೇ ಬೇಡ. ಐಸ್ ಬಾಟಲಿಯಂತೂ ಮುಟ್ಟಿಸಬೇಡಿ. ಗೊತ್ತಾದರೂ ಪಾದವನ್ನು ಒಮ್ಮೆ ವೈದ್ಯರಿಗೆ ತೋರಿಸಿಯೇ ಶುರುಮಾಡಿ. ಕುರ್ಚಿಯಲ್ಲಿ ಕುಳಿತು ಒಂದೆರಡು ನಿಮಿಷ, ಹಗುರಾಗಿ, ಹಿಮ್ಮಡಿಯ ಮೂಳೆ ತಪ್ಪಿಸಿ ಉರುಳಿಸಲಿ. ಇದಕ್ಕಿಂತ ಉಪಯುಕ್ತ: ಹಾಸಿಗೆಯಿಂದ ಇಳಿಯುವ ಮುನ್ನ ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಎಳೆದು 10 ಸೆಕೆಂಡ್ ಹಿಡಿಯುವುದು, 10 ಸಲ, ದಿನಕ್ಕೆ ಮೂರು ಹೊತ್ತು. ಮೀನಖಂಡ ಬಿಗಿಯಿದ್ದರೆ ಲಟ್ಟಣಿಗೆಯೇ ಸಾಕು. ಆದರೆ ಉಬ್ಬಿದ ರಕ್ತನಾಳಗಳಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದೂ ಬೇಡ. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಉಜ್ಜದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.