ತೊಟ್ಟಿಲ ಕೆಳಗಿನ ಕಾವಲು: ಸಂಪಾದಕರ ಉತ್ತರ

ಸಿದ್ದಾಪುರದ ಹತ್ತಿರ ತೋಟದ ಮನೆಯಲ್ಲಿರೋ ಓದುಗರೊಬ್ರು ಬರೆದಿದ್ದಾರೆ. ಮಗಳು ಬಾಣಂತನಕ್ಕೆ ಬಂದಾಗಿಂದ ಅವರ ಪಾಮೇರಿಯನ್ ತೊಟ್ಟಿಲ ಕೆಳಗೇ ಮಲಗುತ್ತಂತೆ, ಮಗು ನೋಡೋಕೆ ಬಂದ ಬೀಗಿತ್ತಿ ಎತ್ಕೊಳ್ಳೋಕೆ ಬಗ್ಗಿದ್ದೇ ತಡ ಹಲ್ಲು ತೋರಿಸಿ ಗುರ್ ಅಂದಿದೆ. ಮನೇಲಿ ಒಬ್ರು ಎಂಥಾ ನಿಯತ್ತು ಅಂತಾರೆ, ಇನ್ನೊಬ್ರು ಎರಡು ಬಾರಿಸಿ ಅಂತಾರೆ, ಯಜಮಾನ್ರು ಇಷ್ಟು ಕಾಯೋ ಬುದ್ಧಿ ಇದ್ರೆ ರಾತ್ರಿ ಜಗಲೀಲಿ ಕಟ್ಟೋಣ ಅಂತಿದ್ದಾರಂತೆ.

ಅಕ್ಕಾ, ಮೊದ್ಲು ಜಗಲಿ ವಿಷ್ಯ. ದಯವಿಟ್ಟು ಕಟ್ಟಬೇಡಿ. ನಮ್ಮ ಕೊಡಗಲ್ಲಿ ಚಿರತೆ ನಾಯಿ ಹೊತ್ಕೊಂಡು ಹೋಗೋದು ಹೊಸ ಸುದ್ದಿ ಏನಲ್ಲ, ಅದ್ರಲ್ಲೂ ಚೈನ್ ಹಾಕಿದ ಪುಟ್ಟ ನಾಯಿಗೆ ಓಡೋಕೂ ದಾರಿ ಇರಲ್ಲ. ಹಾಗಂತ ಬಿಚ್ಚಿ ಬಿಟ್ರೂ ಕಷ್ಟಾನೇ, ನಿಮ್ಮ ಕಡೆ ತೋಟದಲ್ಲಿ ಆನೆ ಓಡಾಟ ಎಷ್ಟಿದೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಬೊಗಳ್ಕೊಂಡು ಮುಂದೆ ಹೋಗುತ್ತೆ, ಆನೆ ತಿರುಗಿ ಅಟ್ಟಿಸ್ಕೊಂಡು ಬಂತು ಅಂದ್ರೆ ಹೆದರಿ ಸೀದಾ ನಿಮ್ಮ ಹತ್ರಾನೇ ಓಡಿ ಬರುತ್ತೆ, ಹಿಂದೆ ಆನೆನೂ ಬರುತ್ತೆ. ಬೆಳಿಗ್ಗೆ ತೋಟಕ್ಕೆ ಹೋಗುವಾಗ್ಲೂ ಅದನ್ನ ಮನೇಲೇ ಬಿಟ್ಟು ಹೋಗಿ.

ಕಾಯೋ ಬುದ್ಧಿ ಇರೋದು ಮಾತ್ರ ನಿಜ. ಪಾಮೇರಿಯನ್‌ನ ಮೂಲ ಚಳಿ ದೇಶದ ದೊಡ್ಡ ಸ್ಪಿಟ್ಜ್ ನಾಯಿಗಳು, ಅಂದ್ರೆ ದಟ್ಟ ಕೂದಲು, ಚೂಪು ಕಿವಿಯ ಜಾತಿ. 19ನೇ ಶತಮಾನದಲ್ಲಿ ವಿಕ್ಟೋರಿಯಾ ರಾಣಿ ಇಷ್ಟಪಟ್ಟು ಸಾಕಿದ್ಮೇಲೆ ಸಣ್ಣ ತಳಿಗೇ ಬೇಡಿಕೆ ಬಂತು, ಮೈ ಚಿಕ್ಕದಾಯ್ತು, ಆದ್ರೆ ಎಚ್ಚರ ಕಮ್ಮಿ ಆಗ್ಲಿಲ್ಲ. ಕಿವೀನೂ ಹಾಗೇ. ಸದ್ದು ಕೀರಲಾದಷ್ಟೂ ಅದರ ಹರ್ಟ್ಜ್, ಅಂದ್ರೆ ಸೆಕೆಂಡಿನ ಕಂಪನದ ಲೆಕ್ಕ, ಜಾಸ್ತಿ; ನಮಗೆ ಕೇಳೋದು ಹೆಚ್ಚಂದ್ರೆ 20,000 ಹರ್ಟ್ಜ್ ತನಕ, ನಾಯಿಗೆ ಸುಮಾರು 45,000 ತನಕ. ಸುಮ್ನೆ ಬೊಗಳುತ್ತೆ ಅಂತ ನಾವು ಬೈಯೋ ಎಷ್ಟೋ ಸಲ ಅದು ಸುಮ್ನೆ ಬೊಗಳಿರಲ್ಲ. ಒಂದ್ಸಲ ಎದ್ದು ನೋಡಿ, ‘ಸಾಕು, ಬಾ’ ಅಂತ ಮೆಲ್ಲಗೆ ಕರೀರಿ. ಸುದ್ದಿ ಮುಟ್ಟಿಸೋದು ಅದರ ಕೆಲ್ಸ, ಮುಂದಿನದನ್ನ ನೋಡ್ಕೋಬೇಕಾದವ್ರು ನಾವು.

ಈಗ ತೊಟ್ಟಿಲು. ನಾಯಿ ಎತ್ತರದಿಂದ ಒಂದ್ಸಲ ನೋಡಿ ಅಕ್ಕಾ. ನೆಲದಿಂದ ಒಂದು ಅಡಿ ಮೇಲೆ ಅದರ ತಲೆ, ಗೊತ್ತಿಲ್ಲದ ಸೀರೆ ನೆರಿಗೆ ಹತ್ರ ಬರುತ್ತೆ, ಮೇಲಿಂದ ಬಳೆ ಹಾಕಿದ ಕೈ ಇಳಿಯುತ್ತೆ, ಅದಕ್ಕೆ ಹಿಂದೆ ಸರಿಯೋಣ ಅಂದ್ರೆ ಗೋಡೆ. ಆಗ ಬಂದ ಗುರ್‌ನಲ್ಲಿ ಪ್ರೀತಿಗಿಂತ ಭಯಾನೇ ಜಾಸ್ತಿ ಇರಬಹುದು. ಸರಿಯಾಗಿ ಗಮನಿಸಿ, ಅದಕ್ಕೆ ಮೊದ್ಲೇ ಮೈ ಬಿಗಿಯಾಗಿರುತ್ತೆ, ಬಾಯಿ ಮುಚ್ಚಿರುತ್ತೆ, ತುಟಿ ನೆಕ್ಕುತ್ತೆ, ಓರೆಗಣ್ಣಲ್ಲಿ ಬಿಳಿ ಕಾಣುತ್ತೆ. ಗುರ್ ಅಂದಿದ್ದಕ್ಕೆ ಹೊಡೆದ್ರೆ ಭಯ ಹೋಗಲ್ಲ, ಗುರ್ ಅನ್ನೋದು ಮಾತ್ರ ನಿಲ್ಲುತ್ತೆ, ಆಮೇಲೆ ಯಾವತ್ತೋ ಒಂದಿನ ಸದ್ದಿಲ್ದೆ ಕಚ್ಚುತ್ತೆ. ಹಾಗಾಗಿ ಬಾರಿಸಿ ಅನ್ನೋರ ಮಾತು ಕೇಳ್ಲೇಬೇಡಿ. ನಿಯತ್ತು ಅಂತ ಮುದ್ದು ಮಾಡಿ ಬಿಟ್ಟುಬಿಡೋದೂ ಬೇಡ.

ಅದರ ಹಾಸಿಗೆನ ತೊಟ್ಟಿಲಿಂದ ದೂರ, ಮಗು ಕಾಣೋ ಮೂಲೇಲಿ ಹಾಕಿ, ಅಲ್ಲಿಗೆ ಹೋದಾಗೆಲ್ಲ ಬೇಯಿಸಿದ ಕೋಳಿ ತುಂಡು ಸಿಗ್ಲಿ, ಉಪ್ಪು ಮಸಾಲೆ ಈರುಳ್ಳಿ ಏನೂ ಹಾಕದೆ. ನೆಂಟರು ಬಂದ್ರೆ ಮೊದ್ಲು ಕೂರ್ಲಿ, ನಾಯಿ ಕಣ್ಣನ್ನೇ ದಿಟ್ಟಿಸೋದು ಬೇಡ, ತಲೆ ಸವರೋಕೆ ಹೋಗೋದಂತೂ ಬೇಡವೇ ಬೇಡ, ಅದಾಗೇ ಬಂದು ಮೂಸಿ ಹೋಗ್ಲಿ. ಜನ ಜಾಸ್ತಿ ಇರೋ ದಿನ, ಕಾಫಿ ಕುಯ್ಲಿನ ಟೈಮಲ್ಲಿ ಕಣದ ಹತ್ರ ಹೊಸಬರು ಓಡಾಡುವಾಗ, ನೀರು ಇಟ್ಟು ಒಳಗಿನ ರೂಮಲ್ಲಿ ಬಿಡಿ. ಮಗು ಜೊತೆ ಅದನ್ನ ಒಂದು ನಿಮಿಷಾನೂ ಒಂಟಿಯಾಗಿ ಬಿಡಬೇಡಿ, ಸ್ನಾನದ ನೀರು ನೋಡಿ ಬರ್ತೀನಿ ಅಂತ ಎದ್ದು ಹೋಗುವಾಗ್ಲೂ.

ರೇಬೀಸ್ ಲಸಿಕೆ ವರ್ಷ ವರ್ಷ ಹಾಕ್ಸಿದೀರಾ ಅಂತ ಕಾರ್ಡ್ ತೆಗೆದು ನೋಡಿ. ಯಾರಿಗಾದ್ರೂ ಹಲ್ಲು ತಾಗಿ ಗೀರಿದ್ರೂ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗ್ಬೇಕು, ಅರಿಶಿನ ಸುಣ್ಣ ಹಚ್ಚಿ ಕೂರೋದು ಬೇಡ. ಮತ್ತೆ ನಾಯೀನ ಈ ವಾರಾನೇ ಒಂದ್ಸಲ ವೆಟರ್ನರಿ ಡಾಕ್ಟ್ರಿಗೆ ತೋರ್ಸಿ. ಸ್ವಭಾವ ಇದ್ದಕ್ಕಿದ್ದಂಗೆ ಬದಲಾಗಿದೆ ಅಂದ್ರೆ ಎಲ್ಲೋ ನೋವೂ ಇರಬಹುದು. ಪಾಮೇರಿಯನ್‌ಗಳಿಗೆ ಹಲ್ಲು ಹಾಳಾಗೋದು, ಹಿಂಗಾಲಿನ ಮೊಣಕಾಲು ಚಿಪ್ಪು ಜಾರೋದು ತುಂಬಾ ಕಾಮನ್, ಎರಡನ್ನೂ ನೋಡಿ ಅಂತ ನೀವೇ ಕೇಳಿ.