ಆಟಿಸಂ ಇರೋ ಎಂಟು ವರ್ಷದ ಮಗ ದಿನವಿಡೀ ಮುಖಕ್ಕೆ ಹೊಡ್ಕೊಂಡು ಕಣ್ಣು ಕೆಂಪಾಗಿದೆ, ಯಾವ ಡ್ರಾಪ್ಸ್ ಹಾಕಲಿ? ಕೈ ಕಟ್ಟಿಡಲಾ?

ಡ್ರಾಪ್ಸ್ ವಿಷಯ ಬಿಡಿ ಮೇಡಂ. ಎಂಟು ವರ್ಷದ ಹುಡುಗ ದಿನವಿಡೀ ಹೊಡ್ಕೊಳ್ತಾನೆ ಅಂದ್ರೆ ನೋಡಿಸಬೇಕಾದ್ದು ಕಣ್ಣಿನ ಹಿಂಭಾಗದ ಪರದೆ, ರೆಟಿನಾ.

ನಮ್ಮ ಮಗನೂ ಹೀಗೇ. ದಾವಣಗೆರೆಯಲ್ಲಿ ನಾವು ಕೆಂಪು ಕಂಡ ತಕ್ಷಣ ಓಡಿದ್ವಿ. ಟಾರ್ಚ್ ಬಿಟ್ಟು ನೋಡಿ ಡ್ರಾಪ್ಸ್ ಕೊಟ್ರು. ನಾಲ್ಕು ದಿನಕ್ಕೆ ಕೆಂಪು ಹೋಯ್ತು, ನಾವೂ ಸುಮ್ಮನಾದ್ವಿ. ಕೆಟ್ಟಿದ್ದು ಅಲ್ಲೇ. ರೆಟಿನಾ ಹರಿದರೆ ನೋವಿಲ್ಲ, ಕೆಂಪಿಲ್ಲ. ಏಟು ಬಿದ್ದಾಗ ಗುಡ್ಡೆ ಚಪ್ಪಟೆಯಾಗಿ ಪಕ್ಕಕ್ಕೆ ಉಬ್ಬುತ್ತೆ, ಒಳಗಿನ ಲೋಳೆ ರೆಟಿನಾದ ಅಂಚನ್ನು ಜಗ್ಗುತ್ತೆ. ದಿನಾ ಹೀಗೇ ಜಗ್ಗಿ ಅಂಚು ಹರಿದರೆ ಆ ಸಂದಿಯಿಂದ ನೀರು ಹಿಂದಕ್ಕೆ ಇಳಿದು, ಹಸಿ ಗೋಡೆಯ ಸುಣ್ಣ ಎದ್ದ ಹಾಗೆ ಪರದೆ ಕಳಚಿಕೊಳ್ಳುತ್ತೆ. ದೊಡ್ಡವರಾದರೆ ಮಿಂಚು ಕಾಣ್ತು, ಕಪ್ಪು ಚುಕ್ಕೆ ತೇಲ್ತು ಅಂತಾರೆ. ಮಾತು ಬಾರದವನು? ನಮ್ಮವನು ಎಡಗಡೆ ಇಟ್ಟ ಮಂಡಕ್ಕಿ ತಟ್ಟೆಗೆ ಕತ್ತು ಪೂರ್ತಿ ತಿರುಗಿಸೋವರೆಗೂ ಕೈ ಹಾಕ್ತಿರಲಿಲ್ಲ. ಹಠ ಅಂದ್ಕೊಂಡ್ವಿ.

ಇವತ್ತೇ ಅವನು ಮೊಬೈಲ್ ನೋಡುವಾಗ ಹಿಂದಿನಿಂದ ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿ, ಆಮೇಲೆ ಇನ್ನೊಂದನ್ನು. ಯಾವುದನ್ನು ಮುಚ್ಚಿದಾಗ ಸುಮ್ಮನಿರ್ತಾನೋ ಆ ಕಣ್ಣಿನ ಮೇಲೆ ಅನುಮಾನ ಪಡಿ. ಎರಡಕ್ಕೂ ಕೈ ಕಿತ್ತೆಸೆದ ಅಂತ ಡಾಕ್ಟರ ಪರೀಕ್ಷೆ ತಪ್ಪಿಸಬೇಡಿ. ಕಣ್ಣ ಪಾಪೆ ಬೆಳ್ಳಗೆ ಕಂಡರೆ ಅವತ್ತೇ ಹೊರಡಿ.

‘ಅವನು ಕೂರಲ್ಲ’ ಅನ್ನೋದು ನೆಪ. ಅನಸ್ತೇಷಿಯಾ ಕೊಟ್ಟು, ಪಾಪೆ ಹಿಗ್ಗಿಸಿ, ಎರಡೂ ಕಣ್ಣು ನೋಡಿ ಅಂತ ರೆಟಿನಾ ಡಾಕ್ಟರಿಗೇ ಹೇಳಿ. ಅದಕ್ಕೆ ಮುಂಚೆ ಸಾಮಾನ್ಯವಾಗಿ 6 ಗಂಟೆ ಊಟ ಇಲ್ಲ, 2 ಗಂಟೆ ನೀರೂ ಇಲ್ಲ. ಬೆಳಗಿನ ಮೊದಲ ಸರದಿ ಕೇಳಿ, ಹಸಿದ ಮಗು ಇನ್ನೂ ಹೊಡ್ಕೊಳ್ಳುತ್ತೆ. ನಮ್ಮವನ ಎಡಗಣ್ಣಿಗೆ ಪರದೆ ಒತ್ತಿ ಹಿಡಿಯೋಕೆ ಸಿಲಿಕಾನ್ ಎಣ್ಣೆ ತುಂಬಿದರು. ಅದರ ಬದಲು ಗ್ಯಾಸ್ ಹಾಕಿದರೆ ದಿನಗಟ್ಟಲೆ ಬೋರಲು ಅಥವಾ ಡಾಕ್ಟರ್ ಹೇಳಿದ ಭಂಗಿಯಲ್ಲೇ ಮಲಗಬೇಕು, ಇಂಥ ಮಕ್ಕಳ ಕೈಲಿ ಆಗದ ಮಾತು. ಚೆನ್ನಾಗಿದೆ ಅಂದ್ಕೊಂಡಿದ್ದ ಬಲಗಣ್ಣಲ್ಲೂ ಸಣ್ಣದಾಗಿ ಹರಿದಿತ್ತು, ಅಲ್ಲೇ ಲೇಸರ್ ಹಾಕಿದರು. ಈಗ ಅವನಿಗೆ ಉಳಿದಿರೋದು ಆ ಬಲಗಣ್ಣೊಂದೇ.

ಅಂಗಡಿಯಲ್ಲಿ ಕೇಳಿ ತರೋ ಸ್ಟೀರಾಯ್ಡ್ ಡ್ರಾಪ್ಸ್ ಬೇಡವೇ ಬೇಡ. ವಾರಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆನೂ ಬರಬಹುದು.

ಕೈ ಕಟ್ಟೋದೂ ಬೇಡ, ಗೋಡೆಗೆ ತಲೆ ಚಚ್ಚಿಕೊಳ್ತಾನೆ. ಆಪರೇಷನ್ ಆದ ದಿನಗಳಲ್ಲಿ ಮಾತ್ರ ಮೊಣಕೈ ಮಡಚದ ಹಾಗೆ ಮೆತ್ತನೆ ಸ್ಪ್ಲಿಂಟ್, ಎರಡು ಬೆರಳು ತೂರುವಷ್ಟು ಸಡಿಲವಾಗಿ, ನಡುನಡುವೆ ಬಿಚ್ಚಿ ಚರ್ಮ ನೋಡ್ತಾ ಇರಿ. ಹೊಡ್ಕೊಂಡ ಹೊತ್ತು, ಅದರ ಮುಂಚೆ ಏನಾಯ್ತು, ಆಮೇಲೆ ಏನು ಸಿಕ್ತು, ಎರಡು ವಾರ ನೋಟ್‌ಬುಕ್‌ನಲ್ಲಿ ಬರೀರಿ. ಕಿವಿ, ಹಲ್ಲು, ಮಲಬದ್ಧತೆ ನೋಡಿಸಿ. ನಮ್ಮವನು ಊಟ ಆದ ಮೇಲೇ ಜಾಸ್ತಿ ಹೊಡ್ಕೊಳ್ತಿದ್ದ. ಕಾರಣ ಹುಳುಕು ದವಡೆ ಹಲ್ಲು. ಅದೇ ಅನಸ್ತೇಷಿಯಾದಲ್ಲಿ ಕೀಳಿಸಿದ್ವಿ. ಏಟು ನಿಂತಿಲ್ಲ, ಅರ್ಧಕ್ಕೆ ಇಳಿದಿದೆ.